ಹೆಬ್ಬೆರಳಿನಲ್ಲಿ ಬರೆದ ವರ್ಣಮಾಲೆ

ನನ್ನ ಬಲಗಾಲು ಉಳುಕಿದ್ದು ದೈಹಿಕ ಶಿಕ್ಷಕರಾಗಲು ಓದುವ ಬಿ.ಪಿ.ಎಡ್. ಪದವಿಯ ಎರಡನೇ ಸೆಮಿಸ್ಟರ್‌ನಲ್ಲಿ, ಖೋ ಖೋ ಅಂಕಣದಲ್ಲಿ. ಓಟಗಾರ್ತಿಯಾಗಿ ಸಿಂಗಲ್ ಚೈನ್ ಆಡುತ್ತಿದ್ದೆ. ಸಾಲಾಗಿ ಕುಳಿತವರ ನಡುವೆ ಒಬ್ಬರನ್ನು ದಾಟಿ ಆಚೆ, ಇನ್ನೊಬ್ಬರನ್ನು ದಾಟಿ ಈಚೆ ಹಾವಿನಂತೆ ನುಸುಳುವ ಓಟ ಅದು. ನಾಲ್ಕನೆಯವಳನ್ನು ದಾಟುವಾಗ ನನ್ನ ಪಾದ ಅವಳ ಹಿಮ್ಮಡಿಯ ಮೇಲೆ ಬಿತ್ತು. ಅಂಗಾಲು ಒಳಕ್ಕೆ ಹೊರಳಿ, ಇಡೀ ಮೈಯ ಭಾರ ಪಾದದ ಹೊರ ಅಂಚಿನ ಮೇಲೆ ಕುಳಿತುಬಿಟ್ಟಿತು. ಒಳಗೆ ಏನೋ ಹರಿದಂತೆ ‘ಟಕ್’ ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಗೆಳತಿಯರು ಪ್ರೀತಿಯಿಂದಲೇ ಮಾಡಬಾರದ್ದನ್ನೆಲ್ಲ ಮಾಡಿದರು. ಒಬ್ಬಳು ಬೆರಳುಗಳನ್ನು ಹಿಡಿದು ಎಳೆದಳು, ಇನ್ನೊಬ್ಬಳು ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿದಳು. ರಾತ್ರಿ ಹಾಸ್ಟೆಲ್‌ನಲ್ಲಿ ಬಿಸಿನೀರು ಹುಯ್ದೆವು. ಬೆಳಗಾಗುವಷ್ಟರಲ್ಲಿ ಕಣಕಾಲು ಊದಿ ಗಿಣ್ಣಿನ ಮೂಳೆಯೇ ಕಾಣದಂತಾಗಿತ್ತು. ಆದರೂ ಎರಡು ದಿನ ನಾನು ಉಪನ್ಯಾಸಕರಿಗೆ ಹೇಳಲಿಲ್ಲ. ಪ್ರಾಯೋಗಿಕ ಅಂಕ ಹೋದೀತು, ಹಾಜರಾತಿ ಕಡಿಮೆಯಾದೀತು ಎಂಬ ಭಯ. ದೈಹಿಕ ಶಿಕ್ಷಣ ಓದುವವರಲ್ಲಿ ಈ ಭಯ ಬಹಳ. ಮೈಯೇ ನಮ್ಮ ಪಠ್ಯಪುಸ್ತಕ, ಅದು ಕೆಟ್ಟಿದೆ ಎಂದು ಒಪ್ಪಿಕೊಳ್ಳುವುದು ಕಷ್ಟ.

ಮೂರನೆಯ ದಿನ ಅಂಗಾಲಿನ ಅಂಚಿನವರೆಗೆ ನೀಲಿಗಟ್ಟಿತು. ಆಗ ಆಸ್ಪತ್ರೆಗೆ ಹೋದೆ. ವೈದ್ಯರು ಕಣಕಾಲಿನ ಎರಡೂ ಬದಿಯ ಉಬ್ಬುಮೂಳೆಗಳ ಹಿಂಭಾಗವನ್ನು ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ, “ನಾಲ್ಕು ಹೆಜ್ಜೆ ನಡೆಯಮ್ಮ” ಎಂದರು. ಎರಡು ಹೆಜ್ಜೆಗೇ ಕುಳಿತೆ. ಕೂಡಲೇ ಎಕ್ಸ್-ರೇಗೆ ಬರೆದರು. ಮೂಳೆ ಒತ್ತಿದರೆ ನೋವು ಅಥವಾ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್-ರೇ ಬೇಕು ಎಂಬುದು ವೈದ್ಯರು ಬಳಸುವ ನಿಯಮ ಎಂದು ಆಮೇಲೆ ತಿಳಿಯಿತು. ಇಂದಿಗೂ ಮೈದಾನದಲ್ಲಿ ಯಾವ ಮಗುವಿನ ಕಾಲು ಉಳುಕಿದರೂ ನಾನು ಮೊದಲು ನೋಡುವುದು ಇದನ್ನೇ. ನನ್ನ ಮೂಳೆ ಮುರಿದಿರಲಿಲ್ಲ. ಮೂಳೆಗೂ ಮೂಳೆಗೂ ಬಿಗಿದ ಪಟ್ಟಿ, ಲಿಗಮೆಂಟ್, ಅರ್ಧ ಹರಿದಿತ್ತು. ಎರಡನೇ ದರ್ಜೆಯ ಉಳುಕು.

ಉಪನ್ಯಾಸಕರಿಗೆ ಅಂದೇ ಹೇಳಿದೆ. ಅವರು ಬೈಯಲಿಲ್ಲ. “ಮೊದಲ ದಿನವೇ ಹೇಳಿದ್ದರೆ ತಿಕ್ಕುವುದನ್ನಾದರೂ ತಪ್ಪಿಸುತ್ತಿದ್ದೆ” ಎಂದಷ್ಟೇ ಅಂದರು. ಪ್ರಾಯೋಗಿಕ ಪರೀಕ್ಷೆಯನ್ನು ಮುಂದಕ್ಕೆ ಹಾಕಿಸಿಕೊಟ್ಟರು. ಎರಡು ದಿನ ನಾನು ಸುಮ್ಮನೆ ನರಳಿದ್ದೆ.

ವಿಶ್ರಾಂತಿ, ಐಸ್, ಬಿಗಿ ಪಟ್ಟಿ, ಕಾಲು ಎತ್ತರಿಸಿ ಇಡುವುದು, ಈ ನಾಲ್ಕನ್ನು ನೋಟ್ಸ್‌ನಲ್ಲಿ ಬರೆದು ಬಾಯಿಪಾಠ ಮಾಡಿದ್ದೆವು. 1978ರಲ್ಲಿ ಈ ಸೂತ್ರ ಕೊಟ್ಟ ಅಮೆರಿಕದ ವೈದ್ಯ ಗೇಬ್ ಮರ್ಕಿನ್ ಅವರೇ ಮುಂದೆ, ಐಸ್ ಮತ್ತು ಪೂರ್ಣ ವಿಶ್ರಾಂತಿ ಗುಣವಾಗುವುದನ್ನು ತಡಮಾಡಬಹುದು ಎಂದು ತಿದ್ದಿಕೊಂಡರು. ನನ್ನ ಮಟ್ಟಿಗೆ ಮೊದಲ ದಿನಗಳಲ್ಲಿ ಬಟ್ಟೆಯಲ್ಲಿ ಸುತ್ತಿದ ಐಸ್ ನೋವನ್ನು ತಗ್ಗಿಸಿ ನಿದ್ದೆ ಕೊಟ್ಟಿತು, ಅಷ್ಟೇ. ಕಾಲನ್ನು ಮತ್ತೆ ಕಾಲಾಗಿಸಿದ್ದು ವ್ಯಾಯಾಮ.

ಅದಕ್ಕೂ ಮೊದಲು ಒಂದು ದೊಡ್ಡ ತಪ್ಪು ಮಾಡಿದೆ. ಮೂರನೇ ವಾರ ನೋವು ಪೂರ್ತಿ ನಿಂತಿತು. ವಾಸಿಯಾಯಿತೆಂದು ನೂರು ಮೀಟರ್ ಓಡಲು ನಿಂತೆ. ಕಲ್ಲಿಲ್ಲ, ಗುಂಡಿಯಿಲ್ಲ, ಸಮತಟ್ಟಾದ ನೆಲದಲ್ಲಿ ಅದೇ ಕಾಲು ಮತ್ತೆ ಹೊರಳಿತು.

ಆಗ ಫಿಸಿಯೋಥೆರಪಿಸ್ಟ್ ಒಬ್ಬರು ನನ್ನನ್ನು ಗೋಡೆಯ ಪಕ್ಕ ಒಂಟಿ ಕಾಲಿನಲ್ಲಿ ನಿಲ್ಲಿಸಿ ಕಣ್ಣು ಮುಚ್ಚಲು ಹೇಳಿದರು. ಎಡಗಾಲಿನ ಮೇಲೆ ಮೂವತ್ತು ಎಣಿಸುವವರೆಗೆ ನಿಂತೆ. ಬಲಗಾಲಿನ ಮೇಲೆ ನಾಲ್ಕು ಎಣಿಸುವಷ್ಟರಲ್ಲಿ ಗೋಡೆ ಹಿಡಿದೆ. ಪಾದ ಎತ್ತ ವಾಲುತ್ತಿದೆ ಎಂದು ಮಿದುಳಿಗೆ ಹೇಳುವ ನರತುದಿಗಳು ಆ ಲಿಗಮೆಂಟ್‌ನಲ್ಲೇ ಇರುತ್ತವೆ, ಪಟ್ಟಿ ಹರಿದಾಗ ಅವೂ ಕೆಡುತ್ತವೆ ಎಂದು ಅವರು ವಿವರಿಸಿದರು. ನೋವು ಹೋದ ಮೇಲೂ ನನ್ನ ಪಾದಕ್ಕೆ ನೆಲದ ಗುರುತು ಸಿಕ್ಕಿರಲಿಲ್ಲ. ನೋವಿಲ್ಲ ಎಂಬುದನ್ನೇ ವಾಸಿಯಾಗಿದೆ ಎಂದುಕೊಂಡು ಮೈದಾನಕ್ಕೆ ಇಳಿಯುವ ಹುಡುಗ ಹುಡುಗಿಯರನ್ನು ಕಂಡಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಮತ್ತೆ ಮೊದಲಿನಿಂದ ಶುರು ಮಾಡಿದೆ. ಬಾವು ಇಳಿದ ಮೇಲೆ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು, ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯುತ್ತಿದ್ದೆ. ಮಂಡಿ ಅಲುಗಬಾರದು, ಕಣಕಾಲು ಮಾತ್ರ ತಿರುಗಬೇಕು. ನಮ್ಮ ಅಕ್ಷರಗಳ ಗುಂಡುಗುಂಡು ಸುತ್ತುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ‘ಋ’ ಮತ್ತು ‘ಞ’ ಬರೆಯುವಷ್ಟರಲ್ಲಿ ಪಾದ ಎಲ್ಲ ದಿಕ್ಕಿಗೂ ಹೊರಳಿ ಬಂದಿರುತ್ತದೆ. ಮೊದಲ ವಾರ ‘ಕ’ ವರ್ಗದಲ್ಲೇ ಮೀನಖಂಡ ನಡುಗುತ್ತಿತ್ತು. ಮುಂದಿನ ವಾರ ‘ಳ’ ಮುಟ್ಟಿದೆ.

ಸೈಕಲ್ ಅಂಗಡಿಯಿಂದ ಹಳೆಯ ಟ್ಯೂಬ್ ತಂದು, ಒಂದು ತುದಿಯನ್ನು ಮಂಚದ ಕಾಲಿಗೆ ಕಟ್ಟಿ, ಇನ್ನೊಂದನ್ನು ಪಾದಕ್ಕೆ ಸುತ್ತಿ ಹೊರಮುಖವಾಗಿ ಎಳೆಯುತ್ತಿದ್ದೆ. ಹಲ್ಲುಜ್ಜುವಾಗ ಒಂಟಿ ಕಾಲು. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವುದು, ಮೊದಲು ಎರಡೂ ಕಾಲು, ನಂತರ ಒಂದೇ ಕಾಲು. ಆಮೇಲೆ ನೇರ ಓಟ, ಎಂಟರ ಆಕಾರದ ಓಟ, ಕೊನೆಗೆ ಅಂಕುಡೊಂಕು. ಕಣ್ಣು ಮುಚ್ಚಿ ಬಲಗಾಲಿನ ಮೇಲೆ ಮೂವತ್ತು ಎಣಿಸುವವರೆಗೆ ಚೈನ್ ಆಡುವುದಿಲ್ಲ ಎಂದು ನನಗೆ ನಾನೇ ಗೆರೆ ಹಾಕಿಕೊಂಡಿದ್ದೆ. ಅದಕ್ಕೆ ಹನ್ನೊಂದು ವಾರ ಬೇಕಾಯಿತು.

ಈ ನಡುವೆ ಅಭ್ಯಾಸ ಪಾಠಗಳು ಬಂದವು. ಹತ್ತಿರದ ಪ್ರೌಢಶಾಲೆಯ ಬೇವಿನ ಮರದಡಿ ಕುರ್ಚಿ ಹಾಕಿಕೊಂಡು, ಕೊರಳಲ್ಲಿ ಸೀಟಿ ತೂಗುಹಾಕಿ ಎಂಟನೇ ತರಗತಿಗೆ ಪಾಠ ಮಾಡಿದೆ. ಮಾಡಿ ತೋರಿಸುವಂತಿರಲಿಲ್ಲ. ಹಾಗಾಗಿ ಕಂಬ ಹಿಡಿದು ತಿರುಗುವಾಗ ಯಾವ ಕೈ ಮುಂದೆ, ಯಾವ ಪಾದದ ಮೇಲೆ ಭಾರ, ಕಣ್ಣು ಎಲ್ಲಿ ಎಂಬುದನ್ನೆಲ್ಲ ಮಾತಿನಲ್ಲೇ ಹೇಳಬೇಕಾಯಿತು. ಒಬ್ಬ ಹುಡುಗಿಯನ್ನು ಕರೆದು ಅವಳಿಂದ ಮಾಡಿಸುತ್ತಿದ್ದೆ. ಅವಳು ತಪ್ಪಿದರೆ ತಪ್ಪು ನನ್ನ ಮಾತಿನದು, ಮತ್ತೆ ಹೇಳುತ್ತಿದ್ದೆ. ಪಂದ್ಯಗಳಲ್ಲಿ ಅಂಕಪಟ್ಟಿ ಬರೆಯಲು ಕುಳಿತೆ. ಒಂಬತ್ತು ನಿಮಿಷದ ಒಂದು ಸರದಿಯಲ್ಲಿ ಯಾರು ಎಲ್ಲಿ ಔಟಾದರು, ಯಾರು ತಪ್ಪು ಖೋ ಕೊಟ್ಟರು ಎಂದು ಬರೆಯುತ್ತ ಹೋದ ಹಾಗೆ, ಆಡುವಾಗ ಎಂದೂ ಕಾಣದ ಆಟ ಕಂಡಿತು. ನಾನು ಶಿಕ್ಷಕಿಯಾಗಿದ್ದು ಆ ಕುರ್ಚಿಯಲ್ಲಿ ಎಂದೇ ನಂಬಿದ್ದೇನೆ.

ಈಗ ನನ್ನ ಶಾಲೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕಾಲು ಉಳುಕಿಸಿಕೊಂಡಿದ್ದಾಳೆ. ಎಕ್ಸ್-ರೇ ಆಗಿದೆ, ಮೂಳೆ ಸರಿಯಿದೆ. ದಿನವೂ ಮಧ್ಯಾಹ್ನ ಊಟದ ನಂತರ ನನ್ನ ಕೊಠಡಿಯ ಬಾಗಿಲ ಬಳಿ ಕಣ್ಣು ಮುಚ್ಚಿ ಒಂಟಿ ಕಾಲಿನಲ್ಲಿ ನಿಲ್ಲುತ್ತಾಳೆ, ಗೆಳತಿಯರು ಜೋರಾಗಿ ಎಣಿಸುತ್ತಾರೆ. ನಿನ್ನೆ ಹದಿನೇಳಕ್ಕೆ ಬಂದಳು. “ಟೀಚರ್, ತಾಲ್ಲೂಕು ಪಂದ್ಯಕ್ಕೆ ಆಡಲೇ?” ಎಂದು ಕೇಳಿದಳು. ಬೇಡ ಎಂದೆ. ಅಂಕಪಟ್ಟಿಯ ಪುಸ್ತಕವನ್ನು ಅವಳ ಕೈಗೆ ಕೊಟ್ಟಿದ್ದೇನೆ.