ಮೊದಲು ಹಾಡು, ಆಮೇಲೆ ಮಾತು

ಪುಣೆಯ ಒಂದು ಸಮುದಾಯ ರೇಡಿಯೋದಲ್ಲಿ ನಾನು ವಾರಕ್ಕೊಮ್ಮೆ ಅರ್ಧ ಗಂಟೆ ಕನ್ನಡ ಕಾರ್ಯಕ್ರಮ ನಡೆಸುತ್ತೇನೆ. ಸಂಬಳ ಇಲ್ಲ. ಹಗಲು ಬ್ಯಾಂಕಿನಲ್ಲಿ ಕೆಲಸ. ಮದುವೆಯಾಗಿ ಧಾರವಾಡದಿಂದ ಇಲ್ಲಿಗೆ ಬಂದವಳು ನಾನು. ರೇಡಿಯೋ ಅಂದರೆ ನನಗೆ ಗೊತ್ತಿದ್ದುದು ಅವ್ವ ರೊಟ್ಟಿ ಬಡಿಯುವಾಗ ಅಡುಗೆಮನೆಯ ಮಾಡದಲ್ಲಿ ಹಾಡುತ್ತಿದ್ದ ಧಾರವಾಡ ಆಕಾಶವಾಣಿ, ಅಷ್ಟೇ. ಮೈಕು ಹಿಡಿಯುವುದನ್ನೂ ಇಲ್ಲೇ ಕಲಿತೆ.

ಶುರುವಿನ ನಾಲ್ಕು ಕಂತುಗಳನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಪುಣೆ, ಕನ್ನಡ, ಸಂಗೀತ ಈ ಮೂರನ್ನು ಒಟ್ಟಿಗೆ ಹೇಳಿದರೆ ಯಾರಿಗಾದರೂ ಮೊದಲು ಹೊಳೆಯುವುದು ಭೀಮಸೇನ ಜೋಶಿ ಅಲ್ವಾ? ಗದಗಿನ ಕಡೆಯವರು, ಬಾಳಿದ್ದು ಪುಣೆಯಲ್ಲಿ. ಕುಂದಗೋಳದ ತಮ್ಮ ಗುರುಗಳ ನೆನಪಿಗೆ 1953ರಲ್ಲಿ ಸವಾಯಿ ಗಂಧರ್ವ ಉತ್ಸವ ಶುರುವಾದದ್ದೂ ಈ ಊರಿನಲ್ಲೇ. ನಾನೂ ಅದನ್ನೇ ಹಿಡಿದೆ. ಹಿರಿಯ ಕನ್ನಡಿಗರನ್ನು ಸ್ಟುಡಿಯೋಗೆ ಕರೆದು ಕೂರಿಸಿ, ಬರೆದುಕೊಂಡ ಪ್ರಶ್ನೆ ಓದಿ, ನಡುನಡುವೆ ದಾಸರ ಪದ ಹಾಡಿಸಿದೆ. ಬಂದವರೆಲ್ಲ ಚೆನ್ನಾಗಿಯೇ ಮಾತಾಡಿದರು. ಕೇಳಿದವರು ಯಾರು ಅಂದರೆ, ಅವರ ಮನೆಯವರು ಮತ್ತು ನನ್ನ ಗಂಡ. ಪ್ರಸಾರದ ಸಮಯ ಶನಿವಾರ ಬೆಳಿಗ್ಗೆ 10 ಗಂಟೆ. ಆ ಹೊತ್ತಿಗೆ ನನ್ನ ಗಂಡ ಕೇಳಿದ್ದೂ ಸ್ವಲ್ಪ ಅನುಮಾನವೇ.

ಒಂದು ದಿನ ನಮ್ಮ ತಾಂತ್ರಿಕ ಹುಡುಗ ಟೆರೇಸಿಗೆ ಕರೆದುಕೊಂಡು ಹೋಗಿ ಆ್ಯಂಟೆನಾ ತೋರಿಸಿದ. ಸಮುದಾಯ ರೇಡಿಯೋಗೆ ಸಾಮಾನ್ಯವಾಗಿ ಸಿಗುವ ಶಕ್ತಿ 100 ವ್ಯಾಟ್, ಕಂಬದ ಎತ್ತರ ಹೆಚ್ಚೆಂದರೆ 30 ಮೀಟರ್. ಸುತ್ತ ಹತ್ತು ಕಿಲೋಮೀಟರ್ ಸಿಕ್ಕರೆ ಪುಣ್ಯ. ನಡುವೆ ಗುಡ್ಡವೋ ಇಪ್ಪತ್ತು ಮಹಡಿಯ ಕಟ್ಟಡವೋ ಬಂದರೆ ಅದೂ ಇಲ್ಲ. ಅಲ್ಲಿಂದ ಕೈ ಚಾಚಿ, "ಮೇಡಂ, ನಮ್ಮ ರೇಡಿಯೋ ಅಂದ್ರೆ ಕಣ್ಣಿಗೆ ಕಾಣೋದಷ್ಟೇ" ಅಂದ. ಕಂಡದ್ದು ಬಾಣೇರ್, ಬಾಲೆವಾಡಿ ಕಡೆಯ ಕ್ರೇನುಗಳು. ಅವುಗಳ ಬುಡದಲ್ಲಿ ಸಾಲುಸಾಲು ಪತ್ರಾ ಶೆಡ್ಡುಗಳು, ಅಂದರೆ ತಗಡಿನ ಮನೆಗಳು. ಅವುಗಳಲ್ಲಿ ಇರುವವರಲ್ಲಿ ಎಷ್ಟೋ ಜನ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯ ಗೌಂಡಿಗಳು, ಕೂಲಿಯವರು. ದಿನಾ ಬಸ್ಸಿನಲ್ಲಿ ಅವರ ಕನ್ನಡ ಕಿವಿಗೆ ಬೀಳುತ್ತಿತ್ತು. ನಾನು ಮಾತ್ರ ಕನ್ನಡಿಗರನ್ನು ಸಭಾಭವನಗಳಲ್ಲಿ ಹುಡುಕುತ್ತಿದ್ದೆ.

ಒಂದು ಭಾನುವಾರ ಪರಿಚಯದ ಗೌಂಡಿಯೊಬ್ಬರ ಜೊತೆ ಅಲ್ಲಿಗೆ ಹೋದೆ. ಭಾನುವಾರ ಖರ್ಚಿ, ಅಂದರೆ ವಾರದ ಖರ್ಚಿನ ದುಡ್ಡು, ಹಂಚುವ ದಿನ. ಮಧ್ಯಾಹ್ನ ಎಲ್ಲರೂ ಸಂತೆಗೆ ಹೋಗಿ, ನಾಲ್ಕು ಗಂಟೆಗೆ ವಾಪಸ್ ಬಂದು ಹೊರಗೆ ಕೂತಿದ್ದರು. ನಾನು ಮೈಕು ಹಿಡಿದು, "ನಿಮ್ಮ ಜೀವನದ ಬಗ್ಗೆ ಹೇಳಿ" ಅಂದೆ. ಎಂಥ ಪ್ರಶ್ನೆ! ಎಲ್ಲರೂ ನೆಲ ನೋಡಿದರು. "ಏನ್ ಹೇಳೂದ್ರಿ ಅಕ್ಕಾರ, ದುಡಿತೀವಿ, ಉಣ್ತೀವಿ" ಅಂದರು ಒಬ್ಬರು. ಇನ್ನೊಬ್ಬರು ನಾನು ಸರ್ಕಾರದ ಕಡೆಯವಳಾ ಅಂತ ಗೌಂಡಿಯನ್ನು ಕೇಳುತ್ತಿದ್ದರು.

ಇಂಡಿ ಕಡೆಯ ಒಬ್ಬ ಆಯಿ ಪಕ್ಕದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಏನೂ ತೋಚದೆ, "ಆಯಿ, ಬೀಸೂಕಲ್ಲಿನ ಪದ ಬರ್ತಾವೇನು?" ಅಂತ ಕೇಳಿದೆ. ನಮ್ಮ ಅವ್ವನ ಅವ್ವ ಹಾಡುತ್ತಿದ್ದ ನೆನಪು, ಅದಕ್ಕೆ. "ಬರ್ತಿದ್ವು. ಈಗ ಬೀಸೂಕಲ್ಲು ಎಲ್ಲೈತಿ?" ಅಂದರು. ಒಂದು ಸಾಲು ಹಿಡಿದು, ನಿಲ್ಲಿಸಿ, ಮರೆತೆ ಅಂದರು. "ತಂಗಿ, ಸುಮ್ನ ಕೂತ್ರ ಪದ ಬರೂದಿಲ್ಲ. ಕೈ ತಿರುಗಬೇಕು." ಮುಂದಿದ್ದ ಶೇಂಗಾದ ಪರಾತದ (ಅಗಲ ತಾಟಿನ) ಅಂಚು ಹಿಡಿದು ಅದನ್ನೇ ಮೆಲ್ಲಗೆ ತಿರುಗಿಸತೊಡಗಿದರು. ಆಮೇಲೆ ಬಂದದ್ದು ಒಂದಲ್ಲ, ಹನ್ನೊಂದು ತ್ರಿಪದಿ. ತವರು, ಅಣ್ಣ, ಬಾರದ ಮಳೆ. ನಡುವೆ ಇನ್ನೊಬ್ಬ ಹೆಂಗಸು, "ನಮ್ಮೂರಾಗ ಹಂಗನ್ನೂದಿಲ್ಲ" ಅಂತ ಬಾಯಿ ಹಾಕಿ ಬೇರೆ ಸಾಲು ಹೇಳಿದರು. ಅಲ್ಲಿಂದ ವಾದ. ವಾದದಿಂದ ಯಾರ ಊರು ಎಲ್ಲಿ, ಬಾವಿ ಬತ್ತಿದ್ದು ಯಾವಾಗ, ಮೊದಲ ಸಲ ಪುಣೆ ಸ್ಟೇಷನ್ನಿನಲ್ಲಿ ಇಳಿದಾಗ ಕೂಸು ಕೈತಪ್ಪಿ ಹೋಗಿ ಸಿಕ್ಕಿದ್ದು ಹೇಗೆ. ನಾನು ಕೇಳಿದ್ದ "ಜೀವನದ ಬಗ್ಗೆ" ತಾನಾಗಿ ಬಂತು. ನನ್ನ ಪ್ರಶ್ನೆಗಳ ಹಾಳೆ ಚೀಲದಲ್ಲೇ ಉಳಿಯಿತು.

ಅವತ್ತಿನಿಂದ ಮೊದಲು ಹಾಡು, ಆಮೇಲೆ ಮಾತು. ಇದಕ್ಕೆ ಯಂತ್ರದ ಕಡೆಯಿಂದಲೂ ಒಂದು ಕಾರಣ ಇದೆ. ಮಾತಿಗೆ ಸರಿಹೊಂದುವಂತೆ ರೆಕಾರ್ಡರಿನ ಲೆವೆಲ್ ಇಟ್ಟುಕೊಂಡರೆ, ಹಾಡಿಗೆ ದನಿ ಏರಿದ ತಕ್ಷಣ ಸದ್ದು ಒಡೆಯುತ್ತದೆ. ಹೊಲದಲ್ಲಿ ಹಾಡಿ ಬೆಳೆದ ಗಂಟಲು ಅದು, ಸ್ಟುಡಿಯೋದ ಗಂಟಲಲ್ಲ. ಒಮ್ಮೆ ಒಡೆದ ಸದ್ದನ್ನು ಕಂಪ್ಯೂಟರಿನಲ್ಲಿ ಏನು ಮಾಡಿದರೂ ಪೂರ್ತಿ ಸರಿ ಮಾಡಲಾಗದು. ಅದಕ್ಕೆ ಹಾಡಿಸಿಕೊಂಡೇ ಲೆವೆಲ್ ಇಡುತ್ತೇನೆ. ಅತಿ ಜೋರು ದನಿಯೂ ಮೀಟರಿನಲ್ಲಿ ಮೈನಸ್ 6 ಡೆಸಿಬಲ್ ದಾಟಬಾರದು; ಸೊನ್ನೆ ಮುಟ್ಟಿದರೆ ಒಡೆಯಿತು ಅಂತಲೇ. ಮಾತು ಸಣ್ಣದಾಗಿ ಬಂದರೆ ಆಮೇಲೆ ಏರಿಸಬಹುದು.

ಪತ್ರಾ ಶೆಡ್ಡು ದೊಡ್ಡ ತಲೆನೋವು. ಒಳಗೆ ಮಾತಾಡಿದರೆ ಡಬ್ಬಿಯೊಳಗೆ ಮಾತಾಡಿದ ಹಾಗೆ. ಹೊರಗೆ ಹೋದರೆ ಗಾಳಿ, ಕಾಂಕ್ರೀಟ್ ಮಿಕ್ಸರು, ನಾಯಿ. ಸ್ಟುಡಿಯೋಗೆ ಬನ್ನಿ ಅಂದರೆ ಬಂದವರು ಗಂಟಲು ಕಟ್ಟಿಸಿಕೊಂಡು ಕೂರುತ್ತಾರೆ. ಉಪಾಯ ಹೇಳಿಕೊಟ್ಟವರು ಅದೇ ಆಯಿ. ನಾನು ಗೋಡೆಗೆ ಏನಾದರೂ ಕಟ್ಟಬೇಕು ಅಂತ ಒದ್ದಾಡುತ್ತಿದ್ದಾಗ ಎರಡು ಕೌದಿ ತಂದು ಹಗ್ಗಕ್ಕೆ ಹಾಕಿದರು. ಹಳೆ ಸೀರೆಗಳನ್ನು ಪದರ ಪದರ ಹೊಲಿದ ಕೌದಿ ಸದ್ದನ್ನು ಕುಡಿದುಬಿಡುತ್ತದೆ. ಮಾರಾಟದ ಫೋಮ್ ಹಾಳೆಗಳಿಗಿಂತ ಇದೇ ವಾಸಿ ಅಂತ ನನ್ನ ಅಭಿಪ್ರಾಯ; ತಾಂತ್ರಿಕ ಹುಡುಗ ಒಪ್ಪುವುದಿಲ್ಲ. ಈಗ ನನ್ನ ಸ್ಕೂಟರಿನ ಮುಂದೆ ಯಾವಾಗಲೂ ಎರಡು ಕೌದಿ. ಇನ್ನೊಂದು ರೂಢಿ: ಎಲ್ಲ ಮುಗಿದ ಮೇಲೆ ಒಂದು ನಿಮಿಷ ಯಾರೂ ಮಾತಾಡದೆ ಆ ಜಾಗದ ಬರೀ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಕತ್ತರಿಸಿದ ಜಾಗಕ್ಕೆ ತೇಪೆ ಹಚ್ಚಲು ಅದು ಬೇಕೇ ಬೇಕು. ಆ ಒಂದು ನಿಮಿಷ ಮಕ್ಕಳು ನಗು ತಡೆದುಕೊಳ್ಳುವುದನ್ನು ನೋಡಬೇಕು.

ಪ್ರಸಾರದ ಸಮಯವನ್ನು ರಾತ್ರಿ 8ಕ್ಕೆ ಬದಲಿಸಿಕೊಂಡೆ. ಅದು ರೊಟ್ಟಿ ಬಡಿಯುವ ಹೊತ್ತು. ಕೇಳುವುದು ಹೆಚ್ಚಾಗಿ ಬಟನ್ ಫೋನುಗಳಲ್ಲಿ. ದುಬಾರಿ ಫೋನುಗಳಲ್ಲಿ ಎಷ್ಟೋ ಸಲ ಎಫ್‌ಎಂ ಇರುವುದೇ ಇಲ್ಲ. ಬಟನ್ ಫೋನುಗಳಲ್ಲೂ ಹೆಚ್ಚಿನವಕ್ಕೆ ಇಯರ್‌ಫೋನ್ ವೈರೇ ಆ್ಯಂಟೆನಾ, ಅದನ್ನು ಚುಚ್ಚಿದರೆ ಮಾತ್ರ ಸ್ಟೇಷನ್ ಸಿಗುತ್ತದೆ. ವೈರು ಚುಚ್ಚಿಯೇ ಸ್ಪೀಕರ್ ಹಾಕಬಹುದು ಅಂತ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಎರಡು ಭಾನುವಾರ ನಾನು ಮಾಡಿದ್ದು ಅದೊಂದೇ ಕೆಲಸ, ಫೋನು ಫೋನಿಗೂ ತೋರಿಸಿಕೊಟ್ಟದ್ದು.

ಸಿನಿಮಾ ಹಾಡು ಹಾಕಿ ಅಂತ ಹುಡುಗರು ಕೇಳುತ್ತಲೇ ಇರುತ್ತಾರೆ. ಅದಕ್ಕೆ ಹಕ್ಕುದಾರರಿಗೆ ದುಡ್ಡು ಕಟ್ಟಬೇಕು, ನಮ್ಮಲ್ಲಿ ಇಲ್ಲ. ಹಳೆಯ ಪದಗಳ ವಿಷಯದಲ್ಲೂ ಹುಷಾರಾಗಿರಬೇಕು. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಕವಿ ತೀರಿ 60 ವರ್ಷ ಕಳೆದ ಮೇಲೆ ಸಾಹಿತ್ಯದ ಹಕ್ಕು ಮುಗಿಯುತ್ತದೆ, ಹಾಗಾಗಿ ಅವರ ಪದ ಯಾರು ಬೇಕಾದರೂ ಹಾಡಬಹುದು. ಆದರೆ ಅದೇ ಪದದ ಕ್ಯಾಸೆಟ್ ಹಾಕಿದರೆ ಆ ಧ್ವನಿಮುದ್ರಣದ ಹಕ್ಕು ಬೇರೆಯೇ. ಅದಕ್ಕೆ ನಮ್ಮಲ್ಲಿ ಎಲ್ಲವೂ ನಾವೇ ಹಾಡಿಸಿದ್ದು: ಭಜನಾ ಪದ, ಸೋಬಾನೆ, ಮೊಹರಂ ಪದ, ಒಮ್ಮೆ ಗೀಗೀ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧ ಸ್ಥಳೀಯವಾಗಿ ತಯಾರಾಗಿರಬೇಕು ಅಂತ ಸರ್ಕಾರದ ನಿಯಮವೂ ಇದೆ. ನಮ್ಮದು ಪೂರ್ತಿ ಸ್ಥಳೀಯ, ಬೇರೆ ಗತಿ ಇಲ್ಲದೆ.

ಈಗ ನನ್ನ ದೊಡ್ಡ ತಪ್ಪಿನ ವಿಷಯ. ಒಬ್ಬ ಹುಡುಗ ಡೊಳ್ಳಿನ ಪದ ಹಾಡಿ, ಆಮೇಲೆ ಮಾತಿಗೆ ಬಿದ್ದು, ಮುಕಾದಮ (ಕೂಲಿಯವರನ್ನು ಕರೆತರುವ ಮೇಸ್ತ್ರಿ) ಎರಡು ತಿಂಗಳ ಲೆಕ್ಕ ಚುಕ್ತಾ ಮಾಡಿಲ್ಲ ಅಂತ ಹೇಳಿದ. ಒಳ್ಳೆಯ ಮಾತು, ಒಳ್ಳೆಯ ದನಿ. ನಾನು ಹೆಸರು ತೆಗೆದೆ, ಊರು ತೆಗೆದೆ, ಸೈಟಿನ ಗುರುತು ತೆಗೆದೆ, ಪ್ರಸಾರ ಮಾಡಿದೆ. ಮರುದಿನವೇ ಮುಕಾದಮ ಅವನನ್ನು ಕರೆದು, "ರೇಡಿಯೋದಾಗ ಮಾತಾಡೂವಷ್ಟ ದೊಡ್ಡಾಂವ ಆದಿ ಏನು?" ಅಂದನಂತೆ. ಹತ್ತು ಕಿಲೋಮೀಟರಿನೊಳಗೆ ಹೆಸರು ತೆಗೆದರೆ ಏನು ಬಂತು? ಅವನ ಪದ ಆ ಕ್ಯಾಂಪಿನಲ್ಲಿ ಎಲ್ಲರಿಗೂ ಗೊತ್ತು. ಹಾಡು ದನಿಗೆ ಗುರುತಿನ ಚೀಟಿ ಇದ್ದ ಹಾಗೆ ಅಂತ ನನಗೆ ಹೊಳೆಯಲೇ ಇಲ್ಲ. ಅವನು ಆ ವಾರವೇ ಸೈಟು ಬಿಟ್ಟ. ದುಡ್ಡು ಅರ್ಧ ಸಿಕ್ಕಿತು, ಅರ್ಧ ಇಲ್ಲ. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಅಂದಿನಿಂದ ಕತ್ತರಿಸಿ ಜೋಡಿಸಿದ ಮೇಲೆ ಪ್ರಸಾರಕ್ಕೆ ಮುಂಚೆ ಮಾತಾಡಿದವರಿಗೇ ಕೇಳಿಸುತ್ತೇನೆ. "ಇದು ಬ್ಯಾಡ" ಅಂದರೆ ತೆಗೆಯುತ್ತೇನೆ, ಯಾಕೆ ಅಂತ ಕೇಳುವುದಿಲ್ಲ. ಕೂಲಿ, ಜಗಳ, ಸಾಲದ ಮಾತು ಬಂದರೆ ಅದನ್ನು ಹಾಡಿದವರ ದನಿಯಲ್ಲಿ ಹಾಕುವುದೇ ಇಲ್ಲ, ನಾಲ್ಕಾರು ಜನರ ಅನುಭವ ಸೇರಿಸಿ ನಾನೇ ಹೇಳುತ್ತೇನೆ. ಕಾರ್ಯಕ್ರಮ ಇದರಿಂದ ಸಪ್ಪೆಯಾಯಿತು ಅಂತ ಸ್ಟೇಷನ್ನಿನಲ್ಲಿ ಒಬ್ಬರು ಹೇಳಿದರು. ಆಗಿರಬಹುದು. ಹುಡುಗನ ಕೂಲಿಗಿಂತ ಉಪ್ಪುಖಾರ ದೊಡ್ಡದಲ್ಲ.

ಉಪಯೋಗದ ಮಾತು ಹೇಳುವುದನ್ನು ಕಲಿಯಲು ಇನ್ನೂ ತಡವಾಯಿತು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸುವ ಬಗ್ಗೆ ಒಮ್ಮೆ ಹೇಳಿದೆ. ವಯಸ್ಸು 18ರಿಂದ 60, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಇರಬೇಕು ಇತ್ಯಾದಿ. ಅರ್ಜಿ ಓದಿದ ಹಾಗೆಯೇ ಓದಿದೆ. ಯಾರಿಗೂ ಏನೂ ನೆನಪಿರಲಿಲ್ಲ. ಮುಂದಿನ ವಾರ, ತಾನೇ ನೋಂದಣಿ ಮಾಡಿಸಿಕೊಂಡಿದ್ದ ಒಬ್ಬ ಅಕ್ಕನನ್ನು ಹಿಡಿದೆ. ಮೊದಲು ಸೋಬಾನೆ ಹಾಡಿಸಿ, ಆಮೇಲೆ ಆ 90 ದಿನದ ಕಾಗದಕ್ಕೆ ಅವರು ಯಾರ ಬೆನ್ನು ಹತ್ತಿದರು, ಎಷ್ಟು ಸಲ ವಾಪಸ್ ಬಂದರು ಅಂತ ಕೇಳಿದೆ. "ತೊಂಬತ್ತು ದಿನ ಅಂದ್ರ ಎರಡು ಅಮಾಸಿ ದಾಟಿ ಮೂರನೇದು" ಅಂದರು ಅವರು. ಕ್ಯಾಂಪಿನಲ್ಲಿ ಈಗಲೂ ಅದೇ ಲೆಕ್ಕ ನಡೆಯುತ್ತದೆ.

ನಮ್ಮ ಸ್ಟೇಷನ್ನಿನ ಉಳಿದವರೆಲ್ಲ ಮರಾಠಿಯವರು. ಪ್ರತಿ ಹಾಡಿಗೆ ಮುಂಚೆ ಮರಾಠಿಯಲ್ಲಿ ಎರಡು ಸಾಲು ಹೇಳಬೇಕು ಅಂತ ಅವರ ಕರಾರು. ಮೊದಮೊದಲು ಕಿರಿಕಿರಿಯಾಗುತ್ತಿತ್ತು. ಆಯಿಯ ಪದ ಪ್ರಸಾರವಾದ ರಾತ್ರಿ, ಮುಳಶಿ ಕಡೆಯ ಒಬ್ಬ ಮುದುಕಿ ಫೋನ್ ಮಾಡಿಸಿದರು. ಭಾಷೆ ತಿಳಿಯಲಿಲ್ಲ, ಆದರೆ ಇದು ಜಾತ್ಯಾವರಚಿ ಓವಿ, ಅಂದರೆ ಬೀಸೂಕಲ್ಲಿನ ಪದ, ತಾನೇ ಅಂತ ಕೇಳಿದರು. ಹೌದು ಅಂದೆ. ಅವರೂ ಒಂದು ಹಾಡಿದರು. ಇದೇ ಪುಣೆಯಲ್ಲಿದ್ದುಕೊಂಡು ಹೇಮಾ ರಾಯಿರ್ಕರ್ ಮತ್ತು ಅವರ ಜೊತೆಗಾರರು ಮಹಾರಾಷ್ಟ್ರದ ಹಳ್ಳಿಗಳಿಂದ 1 ಲಕ್ಷಕ್ಕೂ ಹೆಚ್ಚು ಬೀಸುವ ಪದ ಕೂಡಿಹಾಕಿದ್ದಾರೆ ಅಂತ ನನಗೆ ಗೊತ್ತಾದದ್ದು ಆ ಫೋನಿನ ನಂತರ. ಮುಂದಿನ ವಾರ ಕನ್ನಡದ್ದೊಂದು, ಮರಾಠಿಯದೊಂದು ಪದ ಪಕ್ಕಪಕ್ಕದಲ್ಲಿ ಇಟ್ಟೆ. ಎರಡರಲ್ಲೂ ಅಣ್ಣ ಸೀರೆ ತರುತ್ತಾನೆ. ಕರಾರಿನ ಕಿರಿಕಿರಿ ಅಲ್ಲಿಗೆ ಮುಗಿಯಿತು.

ಉಡುಪಿ ಹೋಟೆಲುಗಳ ಅಡುಗೆಮನೆಯಲ್ಲಿ ಮೂರು ಕಂತು ಮಾಡಿದೆ. ಎಕ್ಸಾಸ್ಟ್ ಫ್ಯಾನಿನ ಸದ್ದಿಗೆ ಸೋತೆ. ಕೌದಿ ಅಲ್ಲಿ ನಡೆಯುವುದಿಲ್ಲ, ಬೆಂಕಿ.

ಮಳೆಗಾಲಕ್ಕೆ ಮುಂಚೆ ಬಾಲೆವಾಡಿಯ ಆ ಕಟ್ಟಡ ಮುಗಿಯಿತು. ಶೆಡ್ಡು ಕಿತ್ತರು. ಆಯಿಯ ಮಗ ಸೊಸೆಗೆ ಚಾಕಣ ಕಡೆ ಕೆಲಸ ಸಿಕ್ಕಿತು, ಆಯಿಯೂ ಹೋದರು. ಅಲ್ಲಿಗೆ ನಮ್ಮ ಅಲೆ ಮುಟ್ಟುವುದಿಲ್ಲ. ಹೋದ ವಾರ ಮೊಮ್ಮಗನ ಕೈಲಿ ಫೋನ್ ಮಾಡಿಸಿದರು. "ತಂಗಿ, ನಿನ್ನ ರೇಡಿಯೋ ಇಲ್ಲಿ ಬರವಲ್ದು, ಬರೇ ಸರ್ ಅಂತೈತಿ" ಅಂದರು. ವಾಟ್ಸಾಪಿನಲ್ಲಿ ಕಳಿಸುತ್ತೇನೆ ಅಂದೆ. ಅದು ಬೇಡವಂತೆ, ಎಂಟಕ್ಕೆ ಬಂದರೇ ಅದು ರೇಡಿಯೋ ಅಂತೆ. ಆಮೇಲೆ, "ಇನ್ನೊಂದು ನೆನಪಾಗೇತಿ, ಹಿಡಕೋ" ಅಂದವರೇ ಹಾಡತೊಡಗಿದರು. ಹಿಂದುಗಡೆ ಪರಾತ ನೆಲಕ್ಕೆ ಉಜ್ಜುವ ಸದ್ದು. ನಾನು ಬ್ಯಾಂಕಿನ ಮೆಟ್ಟಿಲ ಮೇಲೆ ನಿಂತಿದ್ದೆ, ಫೋನಿನಲ್ಲೇ ರೆಕಾರ್ಡ್ ಒತ್ತಿದೆ. ಲೆವೆಲ್ ಇಡಲು ಸಮಯ ಸಿಗಲಿಲ್ಲ. ಎರಡನೇ ಸಾಲಿಗೇ ಸದ್ದು ಒಡೆದಿದೆ. ತಾಂತ್ರಿಕ ಹುಡುಗ ಬೇಡ ಅನ್ನುತ್ತಾನೆ. ಈ ವಾರ ಹಾಕುತ್ತಿದ್ದೇನೆ.