ಗೇಲಿಕ್ ಊರ ಹೆಸರು: ಅರ್ಥ ಆಮೇಲೆ, ಉಚ್ಚಾರ ಮೊದಲು

ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ಪೋರ್ಟ್ರೀ ಅಂತ ಒಂದು ಊರಿದೆ. ಅಲ್ಲಿನ ಹಳೇ ಭಾಷೆ ಗೇಲಿಕ್‌ನಲ್ಲಿ 'ರೀ' ಅಂದರೆ ರಾಜ. 1540ರಲ್ಲಿ ದೊರೆ ಐದನೇ ಜೇಮ್ಸ್ ಆ ಕಡೆ ಬಂದಿದ್ದ. ಸರಿ, 'ರಾಜನ ಬಂದರು' ಅಂತ ಬರೆದು ಪುಸ್ತಕ ಮುಚ್ಚಿಬಿಡುತ್ತಾರೆ. ಆದರೆ ಊರಿನವರ ಉಚ್ಚಾರ ಹಿಡಿದು ಹೋದರೆ ಸಿಗುವುದು 'ಇಳಿಜಾರು' ಎಂಬ ಅರ್ಥದ ಬೇರೆ ಪದ. ಈ ತಪ್ಪನ್ನು ತುಂಬಾ ಜನ ಮಾಡುವುದನ್ನು ನೋಡಿದ್ದೇನೆ.

ಗೇಲಿಕ್ ಊರ ಹೆಸರನ್ನು ದಾಖಲಿಸಲು ಹೊರಟರೆ ಹೀಗೆ ಮಾಡಿ. ಮೊದಲು ನಕ್ಷೆಯಲ್ಲಿ ಜಾಗ ಗುರುತಿಸಿ, ಅದರ ಗ್ರಿಡ್ ಸಂಖ್ಯೆ, ಅಂದರೆ ನಕ್ಷೆಯ ಚೌಕದ ಗುರುತು, ಬರೆದುಕೊಳ್ಳಿ.

ಆಮೇಲೆ ಬ್ರಿಟನ್ನಿನ ನಕ್ಷೆ ಸಂಸ್ಥೆ ಆರ್ಡ್ನನ್ಸ್ ಸರ್ವೆಯವರ 19ನೇ ಶತಮಾನದ ನೇಮ್ ಬುಕ್ (ಹೆಸರುಗಳ ದಾಖಲೆ ಪುಸ್ತಕ) ತೆಗೆಯಿರಿ. ಆನ್‌ಲೈನ್‌ನಲ್ಲೇ ಸಿಗುತ್ತದೆ. ಒಂದೇ ಹೆಸರಿನ ಬೇರೆಬೇರೆ ಕಾಗುಣಿತ, ಅದನ್ನು ಹೇಳಿದವರು ಯಾರು, ಎಲ್ಲ ಅದರಲ್ಲಿದೆ.

ಇನ್ನು ಕಷ್ಟದ ಕೆಲಸ: ಬಾಯಿಂದ ಹೆಸರು ಕೇಳಿಸಿಕೊಳ್ಳುವುದು. ನಕ್ಷೆಯಲ್ಲಿರುವುದನ್ನು ನೀವೇ ಓದಿ "ಹೀಗೇ ಅಲ್ವಾ?" ಅಂತ ಕೇಳಲೇಬೇಡಿ. ಎದುರಿನ ಅಜ್ಜಿ ಮರ್ಯಾದೆಗೆ ಹೂಂ ಅನ್ನುತ್ತಾರೆ, ನಿಮ್ಮ ತಪ್ಪೇ ದಾಖಲೆಯಾಗುತ್ತದೆ. ಕಿಟಕಿಯಿಂದ ಗುಡ್ಡ ತೋರಿಸಿ, "ಅದಕ್ಕೇನಂತೀರಿ?" ಅಂತ ಕೇಳಿ ಸುಮ್ಮನಿರಿ. ರೆಕಾರ್ಡಿಂಗ್ ಅಡುಗೆಮನೆಯಲ್ಲೇ ಆಗಲಿ. ಹೊರಗೆ ಗಾಳಿ ಅರ್ಧ ಮಾತು ನುಂಗುತ್ತದೆ.

ಬಿಡಿ ಹೆಸರು ಸಾಲದು, ವಾಕ್ಯದಲ್ಲೂ ಹೇಳಿಸಿ. ಫೋರ್ಟ್ ವಿಲಿಯಂ ಎಂಬ ಊರಿಗೆ ಗೇಲಿಕ್‌ನಲ್ಲಿ 'ಅನ್ ಗೆರಸ್ತನ್', ಅಂದರೆ ಸೈನಿಕರ ಠಾಣ್ಯ. "ಅಲ್ಲಿದ್ದೇನೆ" ಅನ್ನುವಾಗ ಅದೇ 'ಗೆ' ಮೆತ್ತಗಾಗಿ 'ಯೆ' ಆಗುತ್ತದೆ. ಹೆಸರು ಎಲ್ಲಿಂದ ಶುರು, ಅದರ ಲಿಂಗ ಯಾವುದು ಎಂಬ ಸುಳಿವು ಅಲ್ಲೇ ಇರುತ್ತದೆ. ಮಲ್ ದ್ವೀಪದ 'ಬೆನ್ ಮೋರ್' ಕೂಡ ಹಾಗೇ. ಗೇಲಿಕ್‌ನಲ್ಲಿ ಅದು 'ಬೇನ್ ವೋರ್', ದೊಡ್ಡ ಬೆಟ್ಟ. ಇಂಗ್ಲಿಷ್ ನಕ್ಷೆ ಆ 'ವ'ವನ್ನು ಕಳೆದಿದೆ. ಕನಿಷ್ಠ ಮೂರು ಸಲ ಹೇಳಿಸಿ.

ಕಾಗುಣಿತಕ್ಕೆ 1981ರಲ್ಲಿ ಬಂದು ಮುಂದೆ ತಿದ್ದುಪಡಿಯಾದ ಗೇಲಿಕ್ ಬರವಣಿಗೆಯ ನಿಯಮವನ್ನೇ ಹಿಡಿಯಿರಿ. ಸ್ವರದ ಮೇಲಿನ ಓರೆಗೆರೆ ನಮ್ಮ ದೀರ್ಘ ಇದ್ದ ಹಾಗೆ. ಗೆರೆ ಇದ್ದರೆ 'ಬಾತ', ದೋಣಿ. ಇಲ್ಲದಿದ್ದರೆ 'ಬತ', ಕೋಲು. ಈಗ ಸ್ಕಾಟಿಷ್ ಗೇಲಿಕ್‌ನಲ್ಲಿ ಎಡಕ್ಕೆ ವಾಲಿದ ಗೆರೆ ಮಾತ್ರ. ಬಲಕ್ಕೆ ವಾಲಿದ್ದು ಐರಿಷ್‌ನದು. ಫೋನಿನ ಕೀಬೋರ್ಡ್ ಸುಮ್ನೆ ಅದನ್ನೇ ತಂದು ಕೂರಿಸುತ್ತದೆ, ಕಣ್ಣಿಟ್ಟು ನೋಡಿ. ಹಳೇ ದಾಖಲೆಯ ಕಾಗುಣಿತವನ್ನು ಮಾತ್ರ ತಿದ್ದಬೇಡಿ, ಪಕ್ಕದ ಕಾಲಂನಲ್ಲಿ ಇದ್ದ ಹಾಗೇ ಇಳಿಸಿ.

ಈಗ ಅರ್ಥ. ಅನುವಾದದ ಆ್ಯಪ್‌ಗೆ ಹೆಸರು ಹಾಕಿ ಅರ್ಥ ತೆಗೆಯುವ ಅಭ್ಯಾಸ ಬಿಡಿ. ಲೂಯಿಸ್ ದ್ವೀಪದ ಸ್ಟಾರ್ನೊವೇ ಊರಿನ ಹೆಸರಿಗೆ ಗೇಲಿಕ್‌ನಲ್ಲಿ ಎಷ್ಟು ತಡಕಿದರೂ ಮೂಲ ಸಿಗದು. ಅದು ಹಳೇ ನಾರ್ಸ್ ಭಾಷೆಯದು, ಹಡಗಿನಲ್ಲಿ ಬಂದ ವೈಕಿಂಗರು ಬಿಟ್ಟುಹೋದದ್ದು. ಸ್ಕೈಯಲ್ಲೇ ಇರುವ 'ಕಾರ್ಬೋಸ್ಟ್'ನ ಕೊನೆಯ 'ಬೋಸ್ಟ್' ಕೂಡ ನಾರ್ಸ್‌ನದೇ, ಅರ್ಥ ಜಮೀನು-ಮನೆ. ಎರಡು ಅರ್ಥ ಸಿಕ್ಕರೆ ಎರಡನ್ನೂ ಬರೆಯಿರಿ. ಯಾವುದನ್ನು ಯಾರು ಹೇಳಿದರು, ಯಾವ ಊರಿನವರು, ಯಾವ ದಿನ, ಅದೂ ಅಲ್ಲೇ ಇರಲಿ. ಆ ಸಾಲನ್ನು ಅವರ ಮನೆಯಿಂದ ಏಳುವ ಮುಂಚೆಯೇ ತುಂಬಿ.