ನುಡಿ ಫಾಂಟಿನ ಹಳೇ ಖಾತೆಗಳು ಹೊಸ ಸಾಫ್ಟ್‌ವೇರಿಗೆ ಹೋಗದಿದ್ದಾಗ

ಕೋಲಾರದ ಟೊಮೆಟೊ ಮಂಡಿಯೊಂದರ ಲೆಕ್ಕ ನನ್ನದು. ಹಳೇ ಬಿಲ್ಲಿಂಗ್ ಸಾಫ್ಟ್‌ವೇರಿನ ರೈತರ ಖಾತೆಗಳನ್ನು ಸಿಎಸ್‌ವಿ (ಕಾಲಂಗಳ ನಡುವೆ ಅಲ್ಪವಿರಾಮ ಇರುವ ಬರೀ ಟೆಕ್ಸ್ಟ್ ಫೈಲ್) ಮಾಡಿ, ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿ ಹೊಸದಕ್ಕೆ ಹಾಕಿದರೆ ಹೆಸರಿನ ಜಾಗದಲ್ಲಿ ಬರೀ ಗೀಚು, 16 ಅಂಕಿಯ ಬ್ಯಾಂಕ್ ಖಾತೆ ನಂಬರಿನ ಕೊನೇ ಅಂಕಿ ಸೊನ್ನೆ.

ಫಾಂಟ್ ಬದಲಿಸಿದೆ, ಆಗಲಿಲ್ಲ. ಹಳೇ ನುಡಿ ಫಾಂಟ್ ಆಸ್ಕಿ, ಅಂದರೆ ಇಂಗ್ಲಿಷ್ ಅಕ್ಷರದ ಕೋಡಿಗೇ ಕನ್ನಡದ ಆಕಾರ ತೊಡಿಸಿದ್ದು, ಕನ್ನಡಕ್ಕೆ ತನ್ನದೇ ಕೋಡ್ ಇರುವ ಯೂನಿಕೋಡ್ ಅಲ್ಲವಲ್ಲ. ಇಡೀ ಫೈಲನ್ನೇ ಆಸ್ಕಿಯಿಂದ ಯೂನಿಕೋಡಿಗೆ ತಿರುಗಿಸುವ ಕನ್ವರ್ಟರಿಗೆ ಹಾಕಿದೆ, ಐಎಫ್‌ಎಸ್‌ಸಿ ಕೋಡೂ ಕನ್ನಡವಾಗಿ ಕೂತಿತು! ಖಾತೆ ನಂಬರಿನ ಕಾಲಂ ಆಮೇಲೆ ಟೆಕ್ಸ್ಟ್ ಮಾಡಿದರೂ ಹೋದ ಅಂಕಿ ಬರಲಿಲ್ಲ, ಎಕ್ಸೆಲ್ 15 ಅಂಕಿ ಮಾತ್ರ ಉಳಿಸಿಕೊಳ್ಳುತ್ತದೆ.

ಕೊನೆಗೆ ಆಗಿದ್ದು ಹೀಗೆ. ಸಿಎಸ್‌ವಿ ಮೇಲೆ ಡಬಲ್ ಕ್ಲಿಕ್ ಮಾಡಲೇಬೇಡಿ. ಖಾಲಿ ಎಕ್ಸೆಲ್ ತೆರೆದು ಡೇಟಾ, ಫ್ರಮ್ ಟೆಕ್ಸ್ಟ್/ಸಿಎಸ್‌ವಿ ಒತ್ತಿ. ಫೈಲ್ ಆರಿಜಿನ್ 1252 (ವಿಂಡೋಸಿನ ಹಳೇ ಇಂಗ್ಲಿಷ್ ಅಕ್ಷರ ಕೋಡ್) ಇಡಿ. ನಾನು ಎರಡು ದಿನ 65001, ಅಂದರೆ ಯೂನಿಕೋಡಿನ ಯುಟಿಎಫ್-8, ಇಟ್ಟು ಒದ್ದಾಡಿದೆ, ಅದರಲ್ಲಿ ನುಡಿಯ ಅರ್ಧ ಅಕ್ಷರ ಓದುವಾಗಲೇ ಸಾಯುತ್ತವೆ. ಡೇಟಾ ಟೈಪ್ ಡಿಟೆಕ್ಷನ್‌ನಲ್ಲಿ ‘ಡು ನಾಟ್ ಡಿಟೆಕ್ಟ್’ ಆರಿಸಿ ಲೋಡ್ ಕೊಡಿ. ಈಗ ಹೆಸರು, ಊರು ಎರಡೇ ಕಾಲಂ ಕಾಪಿ ಮಾಡಿ ಆಸ್ಕಿಯಿಂದ ಯೂನಿಕೋಡಿಗೆ ತಿರುಗಿಸಿ, ಸಾಲು ತಪ್ಪದಂತೆ ಅಲ್ಲೇ ಪೇಸ್ಟ್ ಮಾಡಿ. ಬಾಕಿ ಹಣದ ಕಾಲಂ ಒಂದನ್ನೇ ನಂಬರ್ ಮಾಡಿ. ಸೇವ್ ಮಾಡುವಾಗ ಸಿಎಸ್‌ವಿ ಯುಟಿಎಫ್-8.

ಮೊದಲು 50 ಸಾಲು ಮಾತ್ರ ಹಾಕಿ ನೋಡಿ. ಅರ್ಕಾವೊತ್ತಿರುವ ಹೆಸರು, ‘ಧರ್ಮಪ್ಪ’ ಥರದ್ದು, ಕಣ್ಣಿಟ್ಟು ಓದಿ. ಆಮೇಲೆ ಎಲ್ಲ ಹಾಕಿ, ಒಟ್ಟು ಸಾಲು, ಒಟ್ಟು ಬಾಕಿ ಎರಡೂ ಕಡೆ ಪೈಸೆಗೆ ಪೈಸೆ ತಾಳೆ ಆಗಬೇಕು. ಇದನ್ನು ಜೂನ್‌ಗೆ ಮುಂಚೆ ಮುಗಿಸಿ, ಸೀಸನ್ನಲ್ಲಿ ಮಂಡಿ ಕಂಪ್ಯೂಟರ್ ಕೈಗೆ ಸಿಗಲ್ಲ.